ಆಕ್ರಾಕ್ಕೆ ಹೊರಡುವ ಮುನ್ನ



ಇವತ್ತು ಒಂದು ಪ್ರಯಾಣದ ತಯಾರಿಯ ಬಗ್ಗೆ ಮಾತಾಡೋಣ. ಹೋಗುವ ಊರು ಆಕ್ರಾ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ರಾಜಧಾನಿ, ಅಟ್ಲಾಂಟಿಕ್ ಸಮುದ್ರದ ದಂಡೆಯ ಮೇಲಿರುವ ನಗರ. "ಕನ್ನಡ ರೇಡಿಯೊದಲ್ಲಿ ಆಕ್ರಾ ಯಾಕೆ ಆಂಟಿ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ.

ಒಂದು, ಬ್ರಾಂಪ್ಟನ್, ಮಿಸ್ಸಿಸಾಗಾ, ನಾರ್ತ್ ಯಾರ್ಕ್‌ಗಳ ಶಾಲೆಗಳಲ್ಲಿ ಓದಿದ ನಿಮಗೆ ಘಾನಾ ಮೂಲದ ಗೆಳೆಯರು ಇದ್ದೇ ಇರುತ್ತಾರೆ. ಅವರ ಮನೆಯ ಮದುವೆಗೋ ಡಿಸೆಂಬರ್ ರಜೆಗೋ "ನೀನೂ ಬಾ" ಎಂದು ಕರೆ ಬರುತ್ತದೆ. ನನ್ನ ಮಗಳಿಗೂ ಅಂಥದೇ ಕರೆ ಬಂದಿದೆ. ಅವಳ ಜೊತೆ ಕೂತು ಟಿಕೆಟ್, ವೀಸಾ, ಲಸಿಕೆಗಳನ್ನೆಲ್ಲ ನೋಡುತ್ತಾ ನಾನು ತಿಳಿದುಕೊಂಡದ್ದು ಬಹಳ. ಎರಡನೆಯ ಕಾರಣ ನನ್ನ ಓದಿನದು. ಕನ್ನಡ ಎಂ.ಎ. ಮಾಡಿದವಳಿಗೆ ಕಿಟೆಲ್ ನಿಘಂಟು ದಿನನಿತ್ಯದ ಸಂಗಾತಿ. ಆ ನಿಘಂಟಿನ ಹಿಂದಿನ ಕಥೆ ಆಕ್ರಾದ ಒಂದು ಬೀದಿಯವರೆಗೂ ಹೋಗುತ್ತದೆ. ಅದನ್ನೂ ಹೇಳುತ್ತೇನೆ. ಮೊದಲು ಟಿಕೆಟ್ ವಿಷಯ.

ನಕ್ಷೆ ತೆಗೆದು ನೋಡಿ. ಟೊರಾಂಟೊದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 13,000 ಕಿಲೋಮೀಟರ್. ಆಕ್ರಾಕ್ಕೆ ಸುಮಾರು 8,700 ಮಾತ್ರ. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಅಜ್ಜಿ ಮನೆಗೆ ಹಾರುವ ನಿಮಗೆ ಇದು ದೂರವೇ ಅಲ್ಲ. ಗಡಿಯಾರದಲ್ಲೂ ಅದು ನಡುವಿನ ಊರು. ಚಳಿಗಾಲದಲ್ಲಿ ಆಕ್ರಾ ಟೊರಾಂಟೊಗಿಂತ ಐದು ಗಂಟೆ ಮುಂದೆ, ಬೆಂಗಳೂರು ಆಕ್ರಾಗಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಇಲ್ಲಿ ಅಮ್ಮ ಕಾಫಿಗೆ ನೀರಿಟ್ಟಿರುತ್ತಾಳೆ, ಅಲ್ಲಿ ಅಜ್ಜಿ ದೇವರ ಮುಂದೆ ದೀಪ ಹಚ್ಚುವ ಹೊತ್ತು.

ಪಿಯರ್ಸನ್‌ನಿಂದ ಹೋಗುವವರು ಸಾಮಾನ್ಯವಾಗಿ ಒಂದು ಕಡೆ ವಿಮಾನ ಬದಲಿಸುತ್ತಾರೆ. ಆಮ್‌ಸ್ಟರ್‌ಡಾಮ್, ಲಂಡನ್, ಬ್ರಸೆಲ್ಸ್, ಇಸ್ತಾಂಬುಲ್, ಅಡಿಸ್ ಅಬಾಬಾ, ಇಲ್ಲವೇ ಅಮೆರಿಕದ ನ್ಯೂಯಾರ್ಕ್, ವಾಷಿಂಗ್ಟನ್. ಯಾವುದು ಒಳ್ಳೆಯದು? ಬೆಲೆಯನ್ನಷ್ಟೇ ನೋಡಬೇಡಿ, ಮೂರು ವಿಷಯ ನೋಡಿ.

ಮೊದಲನೆಯದು, ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಲಿ. ನ್ಯೂಯಾರ್ಕ್‌ವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಕೊಂಡರೆ ಸ್ವಲ್ಪ ಹಣ ಉಳಿಯಬಹುದು. ಆದರೆ ಡಿಸೆಂಬರಿನ ಹಿಮಕ್ಕೆ ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಯವರು ನಿಮಗಾಗಿ ಏನೂ ಮಾಡಬೇಕಾಗಿಲ್ಲ. ಎರಡನೆಯದು, ವಿಮಾನ ಬದಲಿಸುವ ಊರಿನಲ್ಲಿ ಕನಿಷ್ಠ ಮೂರು ಗಂಟೆಯ ಬಿಡುವಿರಲಿ. ಲಂಡನ್ ಮೂಲಕವಾದರೆ ಇಳಿಯುವುದೂ ಹತ್ತುವುದೂ ಒಂದೇ ವಿಮಾನ ನಿಲ್ದಾಣವೇ ಎಂದು ಖಚಿತ ಮಾಡಿಕೊಳ್ಳಿ. ಹೀಥ್ರೂನಲ್ಲಿ ಇಳಿದು ಗ್ಯಾಟ್ವಿಕ್‌ಗೆ ಸೂಟ್‌ಕೇಸ್ ಎಳೆದುಕೊಂಡು ಓಡುವುದು ಯಾರಿಗೂ ಬೇಡ. ಮೂರನೆಯದು, ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವುದು? ನೀವು ಕೆನಡಾ ಪಾಸ್‌ಪೋರ್ಟಿನವರು, ನಿಮ್ಮ ಜೊತೆ ಬರುವ ಕಸಿನ್ ಈಗಷ್ಟೇ ಓದಲು ಬಂದ, ಭಾರತದ ಪಾಸ್‌ಪೋರ್ಟಿನವನು ಅಂದುಕೊಳ್ಳಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಅವನಿಗೆ ಅಮೆರಿಕದ ವೀಸಾ ಬೇಕು. ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳಿ. ಪಿ.ಆರ್. ಕಾರ್ಡ್ ಇರುವವರು ಅದನ್ನು ಮರೆಯದೆ ಇಟ್ಟುಕೊಳ್ಳಬೇಕು, ಅದಿಲ್ಲದೆ ವಾಪಸು ಬರುವ ವಿಮಾನ ಹತ್ತಿಸುವುದಿಲ್ಲ.

ಯಾವ ತಿಂಗಳು? ನವೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಒಣ ಹವೆ. ಏಪ್ರಿಲ್‌ನಿಂದ ಜುಲೈವರೆಗೆ ದೊಡ್ಡ ಮಳೆಗಾಲ, ಜೂನ್‌ನಲ್ಲಿ ಜೋರು. ಡಿಸೆಂಬರ್ ಜನವರಿಯಲ್ಲಿ ಸಹಾರಾ ಮರುಭೂಮಿಯ ಕಡೆಯಿಂದ ಹಾರ್ಮಟಾನ್ ಎಂಬ ಧೂಳುಗಾಳಿ ಬೀಸುತ್ತದೆ, ಆಸ್ತಮಾ ಇರುವವರು ಇನ್ಹೇಲರ್ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಹೊರದೇಶಗಳಲ್ಲಿರುವ ಘಾನಾದವರೆಲ್ಲ ಊರಿಗೆ ಹೋಗುವುದರಿಂದ ಟಿಕೆಟ್ ದುಬಾರಿ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಟಿಕೆಟ್‌ಗೆ ಆಗುವ ಪಾಡೇ ಇದು. ಮದುವೆಯೇ ಡಿಸೆಂಬರಿನಲ್ಲಿದ್ದರೆ ಬೇರೆ ದಾರಿಯಿಲ್ಲ, ಬೇಗ ಕೊಳ್ಳಿ.

ಇನ್ನು ವೀಸಾ. ಕೆನಡಾ ಪಾಸ್‌ಪೋರ್ಟ್‌ಗೂ ಘಾನಾಕ್ಕೆ ವೀಸಾ ಬೇಕು. "ನಮ್ಮ ಪಾಸ್‌ಪೋರ್ಟ್‌ಗೆ ಎಲ್ಲಾ ಕಡೆ ಬಾಗಿಲು ತೆರೆದಿರುತ್ತದೆ" ಎಂದು ಅಭ್ಯಾಸವಾಗಿರುವ ನಿಮಗೆ ಇದು ಹೊಸದಾಗಿ ಕಾಣಬಹುದು. ಆಟವಾದಲ್ಲಿರುವ ಘಾನಾ ಹೈಕಮಿಷನ್ನಿನ ಜಾಲತಾಣದಲ್ಲಿ ಸದ್ಯದ ನಿಯಮ, ಶುಲ್ಕ ನೋಡಿ. ಕೇಳುವವರು ಹೊರಡುವ ಒಂದು ವಾರ ಮುಂಚೆ ಕೇಳಬೇಡಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿರಲಿ. ನೀವು ಯಾರ ಮನೆಯಲ್ಲಿ ಉಳಿಯುತ್ತೀರೋ ಅವರಿಂದ ಆಹ್ವಾನ ಪತ್ರ, ಇಲ್ಲವೇ ಹೋಟೆಲ್ ಬುಕಿಂಗ್ ಸಿದ್ಧವಾಗಿರಲಿ.

ಈಗ ಲಸಿಕೆ. ಇದು ಮುಖ್ಯವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಘಾನಾ ಒಳಗೆ ಹೋಗಲು ಯೆಲ್ಲೋ ಫೀವರ್, ಅಂದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಬೇಕು. ನಮ್ಮ ಕಡೆ ಕಾಮಾಲೆ ಅನ್ನುತ್ತಾರಲ್ಲ, ಅದು ಬೇರೆ. ಇದು ಸೊಳ್ಳೆಯಿಂದ ಬರುವ ವೈರಸ್ ಜ್ವರ. ಲಸಿಕೆಯನ್ನು ಎಲ್ಲ ವೈದ್ಯರೂ ಹಾಕುವುದಿಲ್ಲ. ಅದಕ್ಕೆಂದೇ ಗುರುತಿಸಿದ ಟ್ರಾವೆಲ್ ಕ್ಲಿನಿಕ್‌ಗಳಿಗೆ ಹೋಗಬೇಕು. ಓಹಿಪ್ ಇದರ ಖರ್ಚು ಕೊಡುವುದಿಲ್ಲ. ನಿಮ್ಮ ಅಥವಾ ಅಪ್ಪ ಅಮ್ಮನ ಕೆಲಸದ ವಿಮೆಯಲ್ಲಿ ಸಿಗುತ್ತದೆಯೇ ನೋಡಿ. ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. 2016ರಿಂದ ಅದು ಜೀವಮಾನಕ್ಕೂ ನಡೆಯುತ್ತದೆ, ಹಾಗಾಗಿ ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ. ಇದು ಜೀವಂತ ವೈರಸ್ಸಿನ ಲಸಿಕೆಯಾದ್ದರಿಂದ ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು, ಮೊಟ್ಟೆಯ ಅಲರ್ಜಿ ಇರುವವರು ವೈದ್ಯರಿಗೆ ಮೊದಲೇ ಹೇಳಬೇಕು. ಪ್ರಯಾಣಕ್ಕೆ ಆರು ವಾರ ಮುಂಚೆಯೇ ಕ್ಲಿನಿಕ್‌ಗೆ ಹೋದರೆ ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆಯೂ ಕೇಳಬಹುದು.

ನಮ್ಮವರಿಗೆ ಮಾತ್ರ ಬೇಕಾದ ಒಂದು ಮಾತು. ಆಕ್ರಾ ಮುಗಿಸಿ ಹಾಗೇ ಬೆಂಗಳೂರಿಗೆ, ದೊಡ್ಡಪ್ಪನ ಮಗನ ಮದುವೆಗೆ ಹೋಗುವ ಯೋಚನೆ ಇದೆಯೇ? ಹಳದಿ ಜ್ವರ ಇರುವ ದೇಶದಿಂದ ಆರು ದಿನದೊಳಗೆ ಬಂದವರ ಬಳಿ ಈ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಭಾರತ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮದುವೆ ಮುಗಿದ ಮೇಲೆ ಮನೆ ತಲುಪುವ ಪಾಡಾಗದಿರಲಿ.

ಈ ಲಸಿಕೆ ಎಲ್ಲಿಂದ ಬಂತು ಗೊತ್ತೇ? 1927ರಲ್ಲಿ ಆಗ ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದ ಇದೇ ಘಾನಾದಲ್ಲಿ ಆಸಿಬಿ ಎಂಬ ಯುವಕನಿಗೆ ಹಳದಿ ಜ್ವರ ಬಂತು. ಅವನ ರಕ್ತದಿಂದ ವಿಜ್ಞಾನಿಗಳು ವೈರಸ್ಸನ್ನು ಬೇರ್ಪಡಿಸಿದರು. ಆಸಿಬಿ ಬದುಕಿ ಉಳಿದ. ಮರುವರ್ಷ ಇದೇ ರೋಗದ ಸಂಶೋಧನೆಗೆ ಬಂದಿದ್ದ ಜಪಾನಿನ ವಿಜ್ಞಾನಿ ಹಿದೆಯೊ ನೊಗುಚಿ ಆಕ್ರಾದಲ್ಲೇ ಈ ಜ್ವರಕ್ಕೆ ತೀರಿಕೊಂಡ. ಆಸಿಬಿಯಿಂದ ಪಡೆದ ವೈರಸ್ಸನ್ನೇ ಪಳಗಿಸಿ ಮ್ಯಾಕ್ಸ್ ಥೈಲರ್ ತಂಡ ಲಸಿಕೆ ತಯಾರಿಸಿತು. ಅದಕ್ಕಾಗಿ ಥೈಲರ್‌ಗೆ 1951ರ ನೊಬೆಲ್ ಬಂತು. ನೀವು ಟೊರಾಂಟೊದಲ್ಲಿ ತೋಳು ಚಾಚಿ ಹಾಕಿಸಿಕೊಳ್ಳುವ ಲಸಿಕೆಯಲ್ಲಿ ಘಾನಾದ ಒಬ್ಬ ಸಾಮಾನ್ಯ ಮನುಷ್ಯನ ಪಾಲಿದೆ.

ಮಲೇರಿಯಾಗೆ ಮಾತ್ರೆ ಬೇಕು. ಹೊರಡುವ ಮೊದಲೇ ಶುರು ಮಾಡಿ, ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕು. "ನಾವು ಇಂಡಿಯಾದವರು, ಸೊಳ್ಳೆ ನಮಗೆ ಏನು ಮಾಡುತ್ತೆ" ಎಂದು ಮನೆಯ ಹಿರಿಯರು ಹೇಳಿದರೆ ನಕ್ಕು ಸುಮ್ಮನಾಗಿ, ಮಾತ್ರೆ ಬಿಡಬೇಡಿ. ಸ್ಕಾರ್‌ಬರೋದಲ್ಲಿ ಹುಟ್ಟಿದ ನಿಮಗೆ ಮಲೇರಿಯಾದಿಂದ ಯಾವ ರಕ್ಷಣೆಯೂ ಇಲ್ಲ. ವಾಪಸು ಬಂದ ತಿಂಗಳುಗಳಲ್ಲಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಘಾನಾಕ್ಕೆ ಹೋಗಿದ್ದೆ ಎಂದು ಮೊದಲ ಮಾತಿನಲ್ಲೇ ಹೇಳಿ.

ಇದೇ ಜ್ವರಗಳ ಜೊತೆಗೆ ನಾನು ಹೇಳಬೇಕೆಂದಿದ್ದ ಕನ್ನಡದ ಕಥೆಯೂ ಶುರುವಾಗುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಹೆಸರು ಕೇಳಿದ್ದೀರಾ? ಅಪ್ಪ ಅಮ್ಮ ಮಂಗಳೂರಿನವರಾದರೆ ಖಂಡಿತ ಕೇಳಿರುತ್ತೀರಿ. 1834ರಲ್ಲಿ ಅವರು ಮಂಗಳೂರಿಗೆ ಬಂದರು. ಅವರಲ್ಲಿ ಒಬ್ಬರಾದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದರು. ಅದು ಕನ್ನಡದ ಮೊದಲ ಪತ್ರಿಕೆ. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಇದಕ್ಕೇ. ಫರ್ಡಿನಾಂಡ್ ಕಿಟೆಲ್ ಇದೇ ಮಿಷನ್ನಿನಿಂದ 1853ರಲ್ಲಿ ಬಂದು, ದಶಕಗಳ ಕಾಲ ದುಡಿದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು.

ಆದರೆ ಮಂಗಳೂರಿಗೆ ಬರುವ ಆರು ವರ್ಷ ಮುಂಚೆಯೇ, 1828ರಲ್ಲಿ, ಬಾಸೆಲ್ ಮಿಷನ್ ಇನ್ನೊಂದು ಕರಾವಳಿಗೆ ಜನರನ್ನು ಕಳಿಸಿತ್ತು. ಅದೇ ಆಕ್ರಾ. ಮೊದಲು ಹೋದ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ಜ್ವರಕ್ಕೆ ತುತ್ತಾದರು, ನಾಲ್ಕನೆಯವರು 1831ರಲ್ಲಿ. ಮತ್ತೆ ಹೋದ ಮೂವರಲ್ಲಿ ಉಳಿದವರು ಒಬ್ಬರೇ. ಕೊನೆಗೆ 1843ರಲ್ಲಿ ಅವರು ಜಮೈಕಾದಿಂದ ಕಪ್ಪು ಕ್ರೈಸ್ತ ಕುಟುಂಬಗಳನ್ನು ಕರೆತಂದರು. ಗುಲಾಮರಾಗಿ ಸಾಗಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಸಮುದ್ರ ದಾಟಿ ಆಫ್ರಿಕಾಕ್ಕೆ ಬಂದರು. ಅದೇ ವರ್ಷ ಆಕ್ರಾದ ಓಸು ಬಡಾವಣೆಯಲ್ಲಿ ಸೇಲಂ ಶಾಲೆ ಶುರುವಾಯಿತು. ಅಂದರೆ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಅಚ್ಚಾದ ವರ್ಷ, ಅದೇ ಸಂಸ್ಥೆಯ ಜನ ಆಕ್ರಾದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು.

ಮುಂದೆ ಯೋಹಾನ್ನೆಸ್ ಝಿಮ್ಮರ್‌ಮನ್ ಆಕ್ರಾದ ಗಾ ಭಾಷೆಗೆ 1858ರಲ್ಲಿ ವ್ಯಾಕರಣ ಬರೆದರು. ಕ್ರಿಸ್ಟಾಲರ್ ಎಂಬವರು ಟ್ವಿ ಭಾಷೆಯ 3,600 ಗಾದೆಗಳನ್ನು 1879ರಲ್ಲಿ, ನಿಘಂಟನ್ನು 1881ರಲ್ಲಿ ಪ್ರಕಟಿಸಿದರು. ನಮಗೆ ಕಿಟೆಲ್ ಹೇಗೋ ಟ್ವಿ ಮಾತಾಡುವವರಿಗೆ ಕ್ರಿಸ್ಟಾಲರ್ ಹಾಗೆ. ಇವರೆಲ್ಲ ಬಂದದ್ದು ಮತ ಪ್ರಚಾರಕ್ಕೆ, ಅದರ ಬಗ್ಗೆ ಎರಡೂ ಕಡೆ ವಾದವಿದೆ. ಆದರೂ ನಿಮ್ಮ ಗೆಳತಿಯ ಅಜ್ಜಿಯ ಭಾಷೆಯ ನಿಘಂಟೂ ನಿಮ್ಮ ಅಜ್ಜಿಯ ಭಾಷೆಯ ನಿಘಂಟೂ ಒಂದೇ ಮಿಷನ್ನಿನ ಕೈಕೆಲಸ ಎನ್ನುವುದು ನಿಜ. ಓಸುವಿಗೆ ಹೋದಾಗ ಆ ಸೇಲಂ ಬೀದಿಗಳಲ್ಲಿ ಒಂದು ಅರ್ಧ ಗಂಟೆ ನಡೆಯಿರಿ.

ಈಗ ಹಣದ ವಿಷಯ. ಘಾನಾದ ನಾಣ್ಯ ಸೀಡಿ. ಅಕಾನ್ ಭಾಷೆಯಲ್ಲಿ ಆ ಮಾತಿನ ಮೂಲ ಅರ್ಥ ಕವಡೆ! ಚೌಕಾಬಾರ ಆಡುವಾಗ ಅಜ್ಜಿ ಕೈಯಲ್ಲಿ ಕುಲುಕಿ ಹಾಕುತ್ತಾರಲ್ಲ, ಅದೇ ಕವಡೆ. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಎಂದು ನಾವು ಬೈಯುವುದೂ ಅದು ಒಂದು ಕಾಲಕ್ಕೆ ನಮ್ಮಲ್ಲೂ ಹಣವಾಗಿದ್ದರಿಂದಲೇ. ಆದರೆ ಈ ಕವಡೆಗೆ ಒಂದು ಕರಾಳ ಚರಿತ್ರೆ ಇದೆ. ಮಾಲ್ಡೀವ್ಸ್ ದ್ವೀಪಗಳ ಕವಡೆಗಳನ್ನು ಡಚ್ಚರು, ಇಂಗ್ಲಿಷರು ಬಂಗಾಳ, ಸಿಲೋನ್‌ಗಳ ಮೂಲಕ ಹಡಗಿನಲ್ಲಿ ತುಂಬಿ ಯುರೋಪಿಗೆ ಒಯ್ದು, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ತಂದು ಮನುಷ್ಯರನ್ನು ಕೊಂಡರು. ಗುಜರಾತಿನ, ಕೋರಮಂಡಲದ ಹತ್ತಿ ಬಟ್ಟೆಯನ್ನೂ ಹೀಗೇ ಬಳಸಿದರು. ನಮ್ಮ ಸಮುದ್ರದ ಚಿಪ್ಪು, ನಮ್ಮ ನೇಕಾರರ ಬಟ್ಟೆ ಅಲ್ಲಿ ಮನುಷ್ಯರ ಬೆಲೆಯಾಯಿತು. ನೇಯ್ದವನಿಗೆ ಅದು ತಿಳಿದಿರಲಿಕ್ಕಿಲ್ಲ. ನಮಗೆ ತಿಳಿದಿರಬೇಕು.

ಅದಕ್ಕೇ ಒಂದು ದಿನ ಬಿಡುವು ಮಾಡಿಕೊಂಡು ಕೇಪ್ ಕೋಸ್ಟ್, ಎಲ್ಮೀನಾ ಕೋಟೆಗಳಿಗೆ ಹೋಗಿ. ಆಕ್ರಾದಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್. ಎಲ್ಮೀನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಿದರು, ವಾಸ್ಕೊ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಗುಲಾಮರನ್ನು ಕೂಡಿಹಾಕಿದ್ದ ನೆಲಮಾಳಿಗೆಗಳನ್ನು ಅಲ್ಲಿ ತೋರಿಸುತ್ತಾರೆ. ಅದು ಸೆಲ್ಫಿ ತೆಗೆಯುವ ಜಾಗವಲ್ಲ. ನಿಮ್ಮ ಪಕ್ಕದಲ್ಲಿ ನಿಂತವರು ತಮ್ಮ ಪೂರ್ವಿಕರನ್ನು ನೆನೆಯಲು ಜಮೈಕಾದಿಂದಲೋ ಅಟ್ಲಾಂಟಾದಿಂದಲೋ ಬಂದವರಿರಬಹುದು. ಅವರಿಗೆ ಜಾಗ ಬಿಟ್ಟು ಹಿಂದೆ ನಿಲ್ಲಿ.

ಆಕ್ರಾದಲ್ಲೇ ನೋಡುವುದಕ್ಕೆ ಕ್ವಾಮೆ ಎನ್‌ಕ್ರುಮಾ ಸ್ಮಾರಕ, 1963ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರ ಮನೆ, ಜೇಮ್ಸ್‌ಟೌನ್, ಮಕೋಲಾ ಮಾರುಕಟ್ಟೆ ಇವೆ. ವಿಮಾನ ನಿಲ್ದಾಣ, ಸೇನೆ, ಸರ್ಕಾರಿ ಭವನಗಳ ಫೋಟೊ ತೆಗೆಯಬೇಡಿ. ಸೈನಿಕರ ಸಮವಸ್ತ್ರದಂಥ ಕಮೋಫ್ಲಾಜ್ ಬಟ್ಟೆ ಅಲ್ಲಿ ಜನಸಾಮಾನ್ಯರು ಹಾಕುವಂತಿಲ್ಲ, ಪ್ಯಾಂಟ್ ಪ್ಯಾಕ್ ಮಾಡುವಾಗಲೇ ನೋಡಿ. ಸಮುದ್ರದ ಸೆಳೆತ ಜೋರು, ಕಾಲು ತೊಯಿಸಿಕೊಂಡರೆ ಸಾಕು. ಓಡಾಟಕ್ಕೆ ಊಬರ್, ಬೋಲ್ಟ್ ಇವೆ. ಟ್ರೋಟ್ರೋ ಎಂಬ ಹಂಚಿಕೆ ವ್ಯಾನುಗಳೂ ಇವೆ. ನಮ್ಮೂರಿನ ಮ್ಯಾಕ್ಸಿಕ್ಯಾಬ್ ನೆನಪಾಗುತ್ತದೆ, ಬಾಗಿಲಲ್ಲಿ ನಿಂತು ಊರ ಹೆಸರು ಕೂಗುವ ಹುಡುಗನೂ ಹಾಗೇ. ಮೊದಲ ಸಲ ಗೆಳೆಯರ ಜೊತೆ ಹತ್ತಿ.

ಮನೆಯೊಳಗಿನ ನಡವಳಿಕೆ ನಿಮಗೆ ಕಷ್ಟವಲ್ಲ. ಎಡಗೈಯಲ್ಲಿ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು. ಹಿರಿಯರನ್ನು ಮೊದಲು ಮಾತಾಡಿಸಬೇಕು. ನಾವು ಅಮ್ಮಂದಿರು ಇಷ್ಟು ವರ್ಷ ಬೇಡವೆಂದರೂ ಹೇಳಿಕೊಟ್ಟದ್ದೇ! "ಅಕ್ವಾಬಾ" ಎಂದರೆ ಸ್ವಾಗತ, "ಮೆದಾಸೆ" ಎಂದರೆ ಧನ್ಯವಾದ. ಇವೆರಡು ಕಲಿತುಕೊಳ್ಳಿ.

ಊಟಕ್ಕೆ ಫುಫು ಬರುತ್ತದೆ. ಮರಗೆಣಸು, ಬಾಳೆಕಾಯಿ ಬೇಯಿಸಿ ಕುಟ್ಟಿದ ಮುದ್ದೆ. ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ರಾಗಿ ಮುದ್ದೆ ತಿನ್ನಲು ಬಂದರೆ ನೀವು ಪಾಸು. ಸಸ್ಯಾಹಾರಿಗಳು ಎಚ್ಚರ, ಸಾರಿನಲ್ಲಿ ಒಣ ಮೀನು, ಸಿಗಡಿ ಪುಡಿ ಇರುತ್ತದೆ, ಶಿಟೊ ಎಂಬ ಕಪ್ಪು ಖಾರದಲ್ಲೂ ಇರುತ್ತದೆ. "ಮಾಂಸ ತಿನ್ನುವುದಿಲ್ಲ" ಎಂದರೆ ಸಾಲದು, "ಮೀನೂ ಬೇಡ, ಮೀನಿನ ಪುಡಿಯೂ ಬೇಡ" ಎಂದು ಬಿಡಿಸಿ ಹೇಳಿ. ಅಲಸಂದೆ ಪಲ್ಯದಂಥ ಗೊಜ್ಜಿನ ಜೊತೆ ಕರಿದ ಬಾಳೆಹಣ್ಣು ಕೊಡುವ ರೆಡ್ ರೆಡ್ ಕೇಳಿ ನೋಡಿ.

ಹೆಸರುಗಳ ಬಗ್ಗೆ ಒಂದು ಸಂಗತಿ. ಅಲ್ಲಿ ಶುಕ್ರವಾರ ಹುಟ್ಟಿದ ಹುಡುಗ ಕೋಫಿ, ಶನಿವಾರದವನು ಕ್ವಾಮೆ, ಶನಿವಾರದ ಹುಡುಗಿ ಅಮಾ. ನಮ್ಮ ತುಳುನಾಡಿನಲ್ಲಿ, ಕಾಸರಗೋಡಿನಲ್ಲಿ ಹೀಗೇ ವಾರದ ಹೆಸರುಗಳಿದ್ದವು. ಸೋಮ, ಅಂಗಾರ, ಗುರುವ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ಚನಿಯ. ನಮ್ಮಲ್ಲಿ ಇವು ಹೆಚ್ಚಾಗಿ ಗದ್ದೆಯಲ್ಲಿ ದುಡಿಯುವವರ ಹೆಸರುಗಳಾಗಿದ್ದವು. ಕೀಳಾಗಿ ನೋಡುತ್ತಾರೆಂದು ಆ ಮನೆಗಳ ಮಕ್ಕಳು ಅಂಥ ಹೆಸರು ಇಟ್ಟುಕೊಳ್ಳುವುದನ್ನೇ ಬಿಟ್ಟರು. ಅಲ್ಲಿ ಕ್ವಾಮೆ ದೇಶದ ಮೊದಲ ಅಧ್ಯಕ್ಷ, ಕೋಫಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದರು. ನಮ್ಮಲ್ಲಿ ತುಕ್ರ, ಚನಿಯರು ಏಕೆ ಹಿಂದೆ ಸರಿದರು ಎಂದು ಯೋಚಿಸಿ.

ಇಲ್ಲಿಗೆ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬಂದೆ. ಲಂಡನ್, ಪ್ಯಾರಿಸ್‌ಗೆ ಹೊರಟರೆ ಮನೆಯಲ್ಲಿ "ಫೋಟೊ ಕಳಿಸು" ಅನ್ನುತ್ತಾರೆ. ಆಕ್ರಾ ಎಂದರೆ "ಆಫ್ರಿಕಾಕ್ಕಾ? ಯಾಕೆ?" ಅನ್ನುತ್ತಾರೆ. ಜ್ವರದ ಭಯ, ಕಳ್ಳರ ಭಯ ಒಂದು ಕಡೆ ಇರಲಿ, ಅದರ ಕೆಳಗೆ ಬಣ್ಣದ ಮಾತಿದೆ. ಅದು ನಿಮಗೂ ಗೊತ್ತು, ನಮಗೂ ಗೊತ್ತು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಒಂದು ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅದೇ ವರ್ಷ ಆಕ್ರಾದ ಘಾನಾ ವಿಶ್ವವಿದ್ಯಾಲಯದಲ್ಲಿ ಭಾರತದ ರಾಷ್ಟ್ರಪತಿಗಳು ಗಾಂಧಿ ಪ್ರತಿಮೆ ಅನಾವರಣ ಮಾಡಿದರು. ದಕ್ಷಿಣ ಆಫ್ರಿಕಾದ ಮೊದಲ ವರ್ಷಗಳಲ್ಲಿ ಗಾಂಧಿ ಕಪ್ಪು ಜನರ ಬಗ್ಗೆ ಬರೆದ ಕೀಳು ಮಾತುಗಳನ್ನು ಎತ್ತಿ ತೋರಿಸಿ ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಪ್ರತಿಭಟಿಸಿದರು. 2018ರ ಡಿಸೆಂಬರಿನಲ್ಲಿ ಪ್ರತಿಮೆ ತೆಗೆದರು.

ಮದುವೆ ಮನೆಯಲ್ಲಿ ಗೆಳತಿಯ ಅಣ್ಣನೋ ಚಿಕ್ಕಪ್ಪನೋ ಈ ಪ್ರಶ್ನೆ ಎತ್ತಬಹುದು. "ನಿಮ್ಮವರು ನಮ್ಮನ್ನು ಹೀಗೇಕೆ ನೋಡುತ್ತೀರಿ?" ಎನ್ನಬಹುದು. ಆಗ "ನಾನು ಕೆನಡಾದವಳು, ನನಗೆ ಗೊತ್ತಿಲ್ಲ" ಎಂದು ಜಾರಿಕೊಳ್ಳಬೇಡಿ. ವಾದಕ್ಕೂ ಇಳಿಯಬೇಡಿ. ಗಾಂಧಿಯ ಬಗ್ಗೆ ನಿಮಗೆ ಗೌರವ ಇದ್ದರೆ ಅದನ್ನೂ ಹೇಳಿ, ಅವರ ನೋವು ನಿಜ ಎಂಬುದನ್ನೂ ಹೇಳಿ. ಎರಡನ್ನೂ ಒಟ್ಟಿಗೆ ಹೇಳಬಹುದು. ಕೇಳಿಸಿಕೊಳ್ಳುವುದೇ ಅರ್ಧ ಉತ್ತರ.

ಮನೆಯಲ್ಲಿ "ಯಾಕೆ?" ಎಂದವರಿಗೂ ಉತ್ತರ ಬೇಕಲ್ಲ? ಹೀಗೆ ಹೇಳಿ. ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಜನ ತಲೆಮಾರುಗಳಿಂದ ಇದ್ದಾರೆ, ಕನ್ನಡ ಮಾತಾಡುತ್ತಾರೆ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, 2020ರಲ್ಲಿ ಕರ್ನಾಟಕದ ವಿಧಾನ ಪರಿಷತ್ತಿನ ಸದಸ್ಯರಾದರು. ಅವರ ಹಿರಿಯರು ಬಂದದ್ದು ಹೆಚ್ಚಾಗಿ ಪೂರ್ವ ಆಫ್ರಿಕಾದಿಂದ. ಇನ್ನು ಪಶ್ಚಿಮ ಆಫ್ರಿಕಾ ಎಂದರೆ, ಮಂಗಳೂರಿನ ಗೇರುಬೀಜದ ಕಾರ್ಖಾನೆಗಳು ನಮ್ಮ ಬೆಳೆ ಸಾಲದೆ ಘಾನಾ, ಐವರಿ ಕೋಸ್ಟ್, ಬೆನಿನ್‌ಗಳಿಂದ ಹಸಿ ಗೇರು ತರಿಸಿಕೊಳ್ಳುತ್ತವೆ. ಅಜ್ಜಿ ಊರಿಂದ ಕಟ್ಟಿ ಕಳಿಸುವ ಗೋಡಂಬಿ ಅಲ್ಲಿ ಬೆಳೆದದ್ದೂ ಆಗಿರಬಹುದು. ಪಾಯಸದಲ್ಲಿ ಆಫ್ರಿಕಾ ಆಗುತ್ತದೆ, ಮಕ್ಕಳು ಹೋಗುವುದು ಆಗುವುದಿಲ್ಲವೇ?

ಕೊನೆಯದಾಗಿ, ಹೊರಡುವ ವಾರದ ಪಟ್ಟಿ. ಪಾಸ್‌ಪೋರ್ಟ್, ವೀಸಾ, ಹಳದಿ ಪುಸ್ತಕ, ಮೂರರ ಫೋಟೊ ಫೋನಿನಲ್ಲಿ ಮತ್ತು ಮನೆಯವರ ಬಳಿ. ಮಲೇರಿಯಾ ಮಾತ್ರೆ, ಸೊಳ್ಳೆಗೆ ಹಚ್ಚುವ ಮುಲಾಮು, ಪ್ರಯಾಣ ವಿಮೆ. ಅಲ್ಲಿ ಕರೆಂಟು 230 ವೋಲ್ಟ್, ಬ್ರಿಟಿಷ್ ಮಾದರಿಯ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್. ಕೆನಡಾ ಸರ್ಕಾರದ ಹೊರದೇಶ ಪ್ರಯಾಣಿಕರ ನೋಂದಣಿಯಲ್ಲಿ ಹೆಸರು ಬರೆಸಿ, ಅದು ಉಚಿತ. ಗೆಳತಿಯ ಮನೆಗೆ ಬರಿಗೈಯಲ್ಲಿ ಹೋಗಬೇಡಿ. ಮೈಸೂರು ಸ್ಯಾಂಡಲ್ ಸೋಪೋ, ಗೋಡಂಬಿ ಬರ್ಫಿಯೋ ಇರಲಿ. ಬರ್ಫಿ ಕೊಡುವಾಗ ಈ ಗೇರಿನ ಕಥೆಯನ್ನೂ ಹೇಳಿ, ಬಲಗೈಯಲ್ಲಿ ಕೊಡಿ.

ತಲುಪಿದ ಕೂಡಲೇ ಅಮ್ಮನಿಗೆ ಒಂದು ಸಂದೇಶ ಹಾಕಿ.  ಹೋಗಿ ಬನ್ನಿ. ನಮಸ್ಕಾರ.